ಪ್ಲೇಗಿನ ಡಾಕ್ಟರು ಮತ್ತು ಚಾಳಿನ ಮಂದಿ

ನಮ್ಮ ಅಜ್ಜಿಗೆ ತಾನು ಹುಟ್ಟಿದ ಇಸವಿ ಗೊತ್ತಿರಲಿಲ್ಲ. ಕೇಳಿದರೆ, “ಪಿಳೇಗ ಬಂದು ಊರೆಲ್ಲಾ ಹೊಲಕ್ಕ ಹೋಗಿತ್ತಲ್ಲ, ಆಗ ನಾ ತೊಟ್ಟಿಲದಾಗ ಇದ್ನಿ” ಅನ್ನುತ್ತಿದ್ದಳು. ನಮ್ಮ ಅಕ್ಕಲಕೋಟೆ ಸೀಮೆಯ ಹಳೆಯ ಮಂದಿ ವಯಸ್ಸಿನ ಲೆಕ್ಕ ಹಿಡಿಯುತ್ತಿದ್ದುದೇ ಹಾಗೆ. ಪ್ಲೇಗಿಗಿಂತ ಮೊದಲು ಹುಟ್ಟಿದವರು, ಪ್ಲೇಗು ಬಂದು ಹೋದ ಮೇಲೆ ಹುಟ್ಟಿದವರು. ಮನೆಯಲ್ಲಿ ಇಲಿ ಬಿತ್ತು ಅಂದ ಕೂಡಲೇ ಚಕ್ಕಡಿ ಹೂಡಿ, ಜ್ವಾಳದ ಚೀಲ, ಹಾಸಿಗೆ, ಕೂಸು ಕುನ್ನಿ ಎಲ್ಲಾ ಹೇರಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಇದು ಹಳ್ಳಿಯ ಕಥೆ.

ಅಜ್ಜಿ ಇನ್ನೊಂದು ಕಥೆ ಹೇಳುತ್ತಿದ್ದಳು, ಅದು ಶಹರದ್ದು. ಅವಳ ದೊಡ್ಡವ್ವನನ್ನು ಸೋಲಾಪುರಕ್ಕೆ ಕೊಟ್ಟಿದ್ದರು. ಗಂಡ ಗಿರಣಿ ಕೆಲಸಕ್ಕೆ ಹೋಗುತ್ತಿದ್ದ, ಚಾಳಿನಲ್ಲಿ ಒಂದು ಖೋಲಿ. ಅವರ ಸಣ್ಣ ಮಗಳಿಗೆ ಬಗಲಲ್ಲಿ ಗಂಟು ಎದ್ದಿತು. ಅದೇ ದಿನ ಚಾಳಿನಲ್ಲಿ ಮನೆ ತಪಾಸು ಮಾಡುವವರು ಬಂದರು. ದೊಡ್ಡವ್ವ ಜ್ವರದಲ್ಲಿ ಸುಡುತ್ತಿದ್ದ ಹುಡುಗಿಯನ್ನು ಕೌದಿಗಳ ಕೆಳಗೆ ಮಲಗಿಸಿ, ಮೇಲೆ ತಾನೇ ಕುಂತು, ಕೂಸಿಗೆ ಹಾಲು ಕುಡಿಸಿದಂಗ ಮಾಡಿದಳಂತೆ. ಬಂದವರು ನೋಡಿ ಹೋದರು. ಎರಡನೇ ದಿನ ಹುಡುಗಿ ತೀರಿಕೊಂಡಳು. ಕಥೆ ಮುಗಿಸುವಾಗ ಅಜ್ಜಿ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು: “ಮನ್ಯಾಗ ಸತ್ತಳಲ್ಲ, ಅಷ್ಟ ಸಾಕು.”

ಮೂವತ್ತು ವರ್ಷ ಸಾಲಿ ಕಲಿಸಿದ ನನಗೆ ಈ ಮಾತು ಬಹಳ ದಿನ ತಿಳಿಯಲಿಲ್ಲ. ಹೆತ್ತ ತಾಯಿ ತನ್ನ ಮಗಳನ್ನು ಡಾಕ್ಟರನಿಂದ ಮುಚ್ಚಿಡುತ್ತಾಳೆ ಅಂದರೆ ಏನು ಅರ್ಥ? ಅಡಾಣಿತನ ಅಂದು ಒಂದೇ ಶಬ್ದದಲ್ಲಿ ಹೇಳಿ ಮುಗಿಸಬಹುದು. ಹಾಗೆ ಹೇಳಿದವರು ಬಹಳ ಮಂದಿ ಇದ್ದಾರೆ. ಆದರೆ ಹೋದ ವರ್ಷ ಸೋಲಾಪುರದ ಬೀಡಿ ಕಾಮಗಾರರ ವಸ್ತಿಯಿಂದ ನನ್ನ ಅಕ್ಕನ ಮಗಳು ಫೋನು ಮಾಡಿ, “ಮಾಮಾ, ದವಾಖಾನಿಯವರು ಏನೋ ಸಂಶೋಧನಾ ಅಂತ ರಕ್ತ ಕೇಳಾಕ ಬಂದಾರ. ಕೊಡಬೇಕೋ ಬ್ಯಾಡೋ?” ಅಂದಾಗ, ನನ್ನ ಬಾಯಿಂದಲೂ ತಟ್ಟನೆ ಉತ್ತರ ಬರಲಿಲ್ಲ. ಅವತ್ತಿನಿಂದ ಪ್ಲೇಗಿನ ಕಾಲದ ಇತಿಹಾಸ ಹುಡುಕಿ ಓದಿದೆ. ಓದಿದ್ದನ್ನು ನಮ್ಮ ವಾಚನಾಲಯದ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಮಾಂಡವಿಯಲ್ಲಿ ಸುರುವಾದದ್ದು

1896ರ ಸೆಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಮಂದಿ ಜ್ವರ ಬಂದು ಸಾಯತೊಡಗಿದರು. ಮಾಂಡವಿ ಅಂದರೆ ಬಂದರದ ಮಗ್ಗಲಿನ ಧಾನ್ಯದ ಗೋದಾಮುಗಳ ಜಾಗ. ಧಾನ್ಯ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಚಿಕ್ಕಾಡು. ಅಲ್ಲಿ ರೋಗಿಗಳನ್ನು ನೋಡುತ್ತಿದ್ದ ಗೋವೆಯ ಡಾಕ್ಟರ್ ಅಕಾಸಿಯೋ ವಿಯೆಗಾಸ್ ಇದು ಗಂಟಿನ ಪ್ಲೇಗು ಎಂದು ಮೊದಲು ಗುರುತಿಸಿದರು. ಆಗಿನ ಮುಂಬಯಿಯ ಜನಸಂಖ್ಯೆ ಸುಮಾರು 8 ಲಕ್ಷ. ಗಿರಣಿಯ ಮಂದಿ, ಬಂದರದ ಹಮಾಲರು, ನೇಕಾರರು ಗಾಳಿ ಬೆಳಕು ಇಲ್ಲದ ಚಾಳುಗಳಲ್ಲಿ ಒಂದೊಂದು ಖೋಲಿಗೆ ಎಂಟು ಹತ್ತು ಮಂದಿ ಇರುತ್ತಿದ್ದರು. ಹೊಲಕ್ಕೆ ಹೋಗಿ ಗುಡಿಸಲು ಹಾಕೋಣ ಅಂದರೆ ಅವರಿಗೆ ಅಲ್ಲಿ ಹೊಲ ಎಲ್ಲಿತ್ತು?

ನಗರಪಾಲಿಕೆಯವರು ಅಕ್ಟೋಬರದಲ್ಲಿ ಒಂದು ಹುಕುಂ ಹೊರಡಿಸಿದರು. ಪ್ಲೇಗಿನ ಸಂಶಯ ಇದ್ದವರನ್ನು ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ, ಎತ್ತಿಕೊಂಡು ದವಾಖಾನೆಗೆ ಹಾಕುವುದು. ಆ ದವಾಖಾನೆ ಅಂದರೆ ಆರ್ಥರ್ ರೋಡಿನದು, ಇವತ್ತು ಕಸ್ತೂರಬಾ ಆಸ್ಪತ್ರೆ ಅಂತ ಹೆಸರಾಗಿದೆ. ಬೇನೆ ಜೋರಾದ ಮೇಲೆ ಒಯ್ದವರು ಅಲ್ಲಿ ಬಹುತೇಕ ಸತ್ತರು. ಮನೆಯವರು ಜೊತೆಗಿಲ್ಲ, ಕೊನೆಗೆ ಬಾಯಿಗೆ ನೀರು ಬಿಡುವವರಿಲ್ಲ. ಜೀವಂತ ಹೋದವರು ಹೊಳ್ಳಿ ಬರುವುದಿಲ್ಲ ಅನ್ನುವುದೊಂದೇ ಚಾಳಿನ ಮಂದಿಯ ಕಣ್ಣಿಗೆ ಕಂಡದ್ದು.

ಅಲ್ಲಿಂದ ಸುದ್ದಿ ಹುಟ್ಟಿದವು. ಅದೇ ಸುಮಾರಿಗೆ ವಿಕ್ಟೋರಿಯಾ ರಾಣಿಯ ಕಲ್ಲಿನ ಮೂರ್ತಿಗೆ ಯಾರೋ ಡಾಂಬರು ಬಳಿದಿದ್ದರು. ರಾಣಿಗೆ ಸಿಟ್ಟು ಬಂದಿದೆ, ಸಿಟ್ಟು ಇಳಿಸಲು ಮುಂಬಯಿಯ ಮಂದಿಯ ಗುಂಡಿಗೆ ಕಿತ್ತು ವಿಲಾಯತಿಗೆ ಕಳಿಸುತ್ತಾರೆ ಅನ್ನುವುದು ಒಂದು ಸುದ್ದಿ. ದವಾಖಾನೆಯಲ್ಲಿ ಮನುಷ್ಯರ ಮೈಯಿಂದ ಎಣ್ಣೆ ಇಳಿಸಿ ಔಷಧ ಮಾಡುತ್ತಾರೆ ಅನ್ನುವುದು ಇನ್ನೊಂದು. ಇವತ್ತು ಓದಿದರೆ ನಗು ಬರುತ್ತದೆ. ಆದರೆ ಒಂದು ಕ್ಷಣ ಆ ಚಾಳಿನಲ್ಲಿ ನಿಂತು ನೋಡ್ರಿ. ಯಾರೂ ನಿಮಗೆ ಏನೂ ಹೇಳುವುದಿಲ್ಲ. ಗಾಡಿ ಬರುತ್ತದೆ, ಮಗ್ಗಲು ಮನೆಯವನನ್ನು ಒಯ್ಯುತ್ತದೆ, ಅವನ ಸಾಮಾನು ಸುಡುತ್ತದೆ, ಗೋಡೆಗೆ ಸುಣ್ಣ ಹೊಡೆಯುತ್ತದೆ. ಹೇಳಬೇಕಾದವರು ಬಾಯಿ ಮುಚ್ಚಿಕೊಂಡಾಗ ಮಂದಿ ತಮಗೆ ತಿಳಿದಂಗ ಹೇಳಿಕೊಳ್ಳುತ್ತಾರೆ. ಅಕ್ಟೋಬರ್ 29ರಂದು ಸುಮಾರು ಸಾವಿರ ಮಂದಿ ಗಿರಣಿ ಕಾಮಗಾರರು ಆರ್ಥರ್ ರೋಡಿನ ದವಾಖಾನೆಯ ಮೇಲೆ ಏರಿಹೋದರು.

ಚಳಿಗಾಲ ಮುಗಿಯುವುದರೊಳಗೆ ಮುಂಬಯಿಯ ಅರ್ಧದಷ್ಟು ಮಂದಿ ಊರು ಬಿಟ್ಟಿದ್ದರು. ರೈಲಿನಲ್ಲಿ ಅವರ ಜೊತೆಗೆ ಬೇನೆಯೂ ಹತ್ತಿತು.

1897ರ ಫೆಬ್ರುವರಿ 4ರಂದು ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿತು. ಮನೆ ಹೊಕ್ಕು ಹುಡುಕುವುದು, ರೈಲಿನಿಂದ ಇಳಿಸಿ ನೋಡುವುದು, ಸಂಶಯ ಬಂದವರನ್ನು ಬೇರೆ ಇಡುವುದು, ಎಲ್ಲದಕ್ಕೂ ಅಧಿಕಾರ ಬಂತು. ಸ್ಟೇಶನ್ನುಗಳಲ್ಲಿ ಗಂಡಸರು ಹೆಂಗಸರೆನ್ನದೆ ಸಾಲು ಹಚ್ಚಿ ಬಗಲು, ತೊಡೆಸಂದಿ ಮುಟ್ಟಿ ನೋಡತೊಡಗಿದರು. ಪುಣೆಯಲ್ಲಿ ಸಿಪಾಯಿಗಳನ್ನೇ ಮನೆಮನೆಗೆ ನುಗ್ಗಿಸಿದರು. ದೇವರ ಜಗಲಿ, ಅಡಿಗೆ ಮನೆ ಯಾವುದೂ ಉಳಿಯಲಿಲ್ಲ. ಆ ಸಿಟ್ಟು ಎಲ್ಲಿಗೆ ಮುಟ್ಟಿತು ಅನ್ನುವುದು ಸಾಲಿಯ ಪುಸ್ತಕದಲ್ಲೂ ಇದೆ. ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು.

ಮರುವರ್ಷ, 1898ರ ಮಾರ್ಚ್ 9ರಂದು, ಮುಂಬಯಿಯ ಜುಲಾಹಾ ನೇಕಾರರ ಓಣಿಯಲ್ಲಿ 12 ವರ್ಷದ ಒಬ್ಬ ಹುಡುಗಿಯನ್ನು ಪ್ಲೇಗಿನ ಸಂಶಯದಿಂದ ಒಯ್ಯಲು ಬಂದರು. ಮನೆಯವರು ಬಿಡಲಿಲ್ಲ. ಮಂದಿ ಕೂಡಿತು, ಕಲ್ಲು ಬಿದ್ದವು, ಗುಂಡು ಹಾರಿದವು, ದಂಗೆ ಊರೆಲ್ಲಾ ಹಬ್ಬಿತು. ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಕೌದಿಯ ಮೇಲೆ ಕುಂತ ನಮ್ಮ ದೊಡ್ಡವ್ವ. ಅಡಾಣಿತನ ಅಂದುಬಿಡುವ ಧೈರ್ಯ ಆಮೇಲೆ ನನಗೆ ಆಗಲಿಲ್ಲ.

ಬಸ್ತಿಯ ಬಾಗಿಲಿಗೆ ಬಂದ ಡಾಕ್ಟರು

ಅದೇ ಮುಂಬಯಿಯಲ್ಲಿ, ಅದೇ ದಿನಗಳಲ್ಲಿ, ಇನ್ನೊಂದು ತರಹದ ಕೆಲಸವೂ ನಡೆದಿತ್ತು. ಅದನ್ನು ತಿಳಿಯಬೇಕಾದರೆ ಎರಡು ಮೂರು ವರ್ಷ ಹಿಂದೆ, ಕಲಕತ್ತೆಗೆ ಹೋಗಬೇಕು.

ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ 1860ರಲ್ಲಿ ಒಡೆಸ್ಸಾದಲ್ಲಿ ಒಂದು ಯಹೂದಿ ಮನೆಯಲ್ಲಿ ಹುಟ್ಟಿದವನು. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಸ ಮಾಡಿ ಕಾಲರಾಕ್ಕೆ ಒಂದು ಲಸಿಕೆ ಕಂಡುಹಿಡಿದ. 1892ರ ಜುಲೈಯಲ್ಲಿ ಅದನ್ನು ಮೊದಲು ಚುಚ್ಚಿಕೊಂಡದ್ದು ತನಗೇ. ಮರುವರ್ಷ ಹಿಂದುಸ್ತಾನಕ್ಕೆ ಬಂದ. 1894ರ ಮಾರ್ಚಿಯಲ್ಲಿ ಕಲಕತ್ತೆಯ ಆರೋಗ್ಯ ಅಧಿಕಾರಿ ಸಿಂಪ್ಸನ್ ಕರೆದರೆಂದು ಅಲ್ಲಿಯ ಬಡವರ ಬಸ್ತಿಗಳಲ್ಲಿ ಕೆಲಸ ಸುರು ಮಾಡಿದ. ಒಂದೇ ಕೆರೆಯ ನೀರು ಕುಡಿಯಲಿಕ್ಕೆ, ಅದೇ ನೀರು ತೊಳೆಯಲಿಕ್ಕೆ. ವರ್ಷಾ ವರ್ಷಾ ಕಾಲರಾ.

ಕಟ್ಟಲ್ ಬಗಾನ್ ಅನ್ನುವ ಬಸ್ತಿಯಲ್ಲಿ ಸುಮಾರು 200 ಮಂದಿ ಇದ್ದರು. ಮೊದಲು ಹೋದಾಗ ಕಲ್ಲು ಬಿದ್ದವು ಅನ್ನುತ್ತಾರೆ. ಹಾಫ್ಕಿನ್ ಒಬ್ಬನೇ ಹೋಗಿರಲಿಲ್ಲ. ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ಬಂಗಾಲಿ ಡಾಕ್ಟರರು ಜೊತೆಗಿದ್ದರು. ಅವರು ಅಲ್ಲಿಯ ಭಾಷೆಯಲ್ಲಿ ಮಾತಾಡಬಲ್ಲವರು. ಬಂದದ್ದು ಯಾಕೆ, ಈ ಸೂಜಿಯಲ್ಲಿ ಏನಿದೆ ಅಂತ ಹೇಳಿದರು. ಎಲ್ಲರ ಎದುರಿಗೆ ಹಾಫ್ಕಿನ್ ತನ್ನ ಅಂಗಿ ಎತ್ತಿ ತಾನೇ ಸೂಜಿ ಹಾಕಿಸಿಕೊಂಡನಂತೆ. ಆ ಬಸ್ತಿಯ 116 ಮಂದಿ ಮುಂದೆ ಬಂದರು. ಉಳಿದವರು ಬರಲಿಲ್ಲ, ಅವರ ಮೇಲೆ ಯಾರೂ ಜುಲುಮೆ ಮಾಡಲಿಲ್ಲ. ಮುಂದೆ ಆ ಬಸ್ತಿಯಲ್ಲಿ ಬಂದ ಕಾಲರಾ ಎಲ್ಲಾ ಹಾಕಿಸಿಕೊಳ್ಳದವರ ಪೈಕಿಯೇ ಬಂತು. ಸೂಜಿ ಹಾಕಿ ಓಡಿಹೋಗದೆ, ಯಾರಿಗೆ ಬೇನೆ ಬಂತು, ಯಾರಿಗೆ ಬರಲಿಲ್ಲ ಅಂತ ಹೊಳ್ಳಿ ಹೊಳ್ಳಿ ಬಂದು ಲೆಕ್ಕ ಇಟ್ಟದ್ದರಿಂದಲೇ ಇದು ಗೊತ್ತಾದದ್ದು. ಆ ಲೆಕ್ಕ ಬಸ್ತಿಯವರಿಗೂ ಕಣ್ಣಿಗೆ ಕಾಣುತ್ತಿತ್ತು.

1896ರ ಅಕ್ಟೋಬರದಲ್ಲಿ ಸರಕಾರ ಹಾಫ್ಕಿನ್‌ನನ್ನು ಮುಂಬಯಿಗೆ ಕಳಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಣ್ಣ ಜಾಗ, ಒಬ್ಬ ಕಾರಕೂನ, ಮೂವರು ಜವಾನರು, ಇಷ್ಟೇ ಸರಂಜಾಮು. ಮೂರು ತಿಂಗಳಲ್ಲಿ ಪ್ಲೇಗಿನ ಲಸಿಕೆ ತಯಾರಾಯಿತು. 1897ರ ಜನವರಿ 10ರಂದು ಆತ ಈ ಸಲವೂ ಮೊದಲು ತನಗೇ ಚುಚ್ಚಿಸಿಕೊಂಡ, ಮುಂದೆ ಮಂದಿಗೆ ಕೊಟ್ಟ ಪ್ರಮಾಣಕ್ಕಿಂತ ಹೆಚ್ಚೇ. ಜ್ವರ ಬಂತು, ನೋವಾಯಿತು, ಇಳಿಯಿತು. ಆಮೇಲೆ ಕಾಲೇಜಿನ ಡಾಕ್ಟರರು, ವಿದ್ಯಾರ್ಥಿಗಳು ಮುಂದೆ ಬಂದರು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಅದೇ ತಿಂಗಳ ಕೊನೆಗೆ ಬೈಕಲ್ಲಾ ಜೈಲಿನಲ್ಲಿ ಪ್ಲೇಗು ಬಂದಾಗ ಅಲ್ಲಿಯ ಕೈದಿಗಳ ಮೇಲೆ ಲಸಿಕೆಯ ಪರೀಕ್ಷೆ ನಡೆಯಿತು. ತಾವಾಗಿ ಬಂದ ಸುಮಾರು ಅರ್ಧ ಮಂದಿಗೆ ಹಾಕಿದರು, ಉಳಿದ ಅರ್ಧಕ್ಕೆ ಇಲ್ಲ. ಹಾಕಿಸಿಕೊಂಡವರಲ್ಲಿ ಬೇನೆಯೂ ಸಾವೂ ಕಮ್ಮಿ ಆದವು. ಲಸಿಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದು ಪುರಾವೆಯಾಯಿತು. ಆದರೆ ಕಾಗದದ ಮೇಲೆ ತಾವಾಗಿ ಬಂದವರು ಅಂತ ಬರೆದ ಮಾತ್ರಕ್ಕೆ, ಬೀಗದೊಳಗಿದ್ದ ಮನುಷ್ಯನ ಒಪ್ಪಿಗೆ ಎಷ್ಟು ಖರೆ? ಕೈದಿ, ಗಿರಣಿಯ ಕೂಲಿ, ಸಾಲಗಾರ ಇವರ “ಹೂಂ” ಯಾವಾಗಲೂ ಸ್ವಲ್ಪ ಸಂಶಯದಿಂದ ಕೇಳಬೇಕಾದ ಹೂಂ.

ತಮ್ಮವರು ಮುಂದೆ ಬಂದಾಗ

ಖೋಜಾ ಸಮಾಜದ ಕಥೆ ಬೇರೆ. ಆಗ ಅವರ ಗುರು ಮೂರನೆಯ ಆಗಾ ಖಾನ್‌ಗೆ ಇನ್ನೂ 20 ವರ್ಷ ತುಂಬಿರಲಿಲ್ಲ. ತನ್ನ ಮಂದಿ ಸೂಜಿಗೆ ಹೆದರುತ್ತಾರೆ ಅಂತ ತಿಳಿದಾಗ ಆತ ಭಾಷಣ ಮಾಡುತ್ತ ಕುಳಿತಿರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ತಾನೇ ಸೂಜಿ ಹಾಕಿಸಿಕೊಂಡ. ಹಾಫ್ಕಿನ್‌ನ ಪ್ರಯೋಗಶಾಲೆಗೆ ತನ್ನ ಒಂದು ಬಂಗಲೆಯನ್ನೂ ಬಿಟ್ಟುಕೊಟ್ಟ. ಸಾವಿರಾರು ಮಂದಿ ಖೋಜಾಗಳು ಹಾಕಿಸಿಕೊಂಡರು. ಚಾಳುಗಳಲ್ಲಿ ಸಿಪಾಯಿ ಹೋದಲ್ಲಿ ಮುಚ್ಚಿದ ಬಾಗಿಲು ಇಲ್ಲಿ ತೆರೆಯಿತು. ಮದ್ದು ಒಂದೇ, ಬೇನೆ ಒಂದೇ, ಬಾಗಿಲು ಬಡಿದ ಕೈ ಬೇರೆ.

ಪುಣೆಯಲ್ಲೂ ಅಂಥ ಒಂದು ಕೈ ಇತ್ತು. ಸಾವಿತ್ರಿಬಾಯಿ ಫುಲೆಯವರನ್ನು ನಾವು ಹೆಣ್ಣುಮಕ್ಕಳ ಸಾಲಿಗಾಗಿ ನೆನೆಯುತ್ತೇವೆ. 1897ರಲ್ಲಿ ಅವರು, ಡಾಕ್ಟರ್ ಆಗಿದ್ದ ಮಗ ಯಶವಂತ ಇಬ್ಬರೂ ಊರ ಹೊರಗೆ ಪ್ಲೇಗಿನವರಿಗೆ ದವಾಖಾನೆ ತೆರೆದರು. ಮುಟ್ಟಲು ಎಲ್ಲರೂ ಹೇಸುವ ಕೇರಿಗಳಿಗೆ ಆ ತಾಯಿ ತಾನೇ ಹೋಗಿ ರೋಗಿಗಳನ್ನು ತರುತ್ತಿದ್ದರು. ಅಲ್ಲಿ ಯಾರೂ ಮಕ್ಕಳನ್ನು ಕೌದಿಯಲ್ಲಿ ಮುಚ್ಚಿಟ್ಟಂತೆ ಕಾಣುವುದಿಲ್ಲ. ಐವತ್ತು ವರ್ಷ ಆ ಕೇರಿಗಳ ಮಂದಿಯ ಜೊತೆ ಬಾಳಿದ ಮುಖ ಅದು. ಆ ಬೇನೆಯೇ ಅವರಿಗೂ ಹತ್ತಿ ಮಾರ್ಚ್ 10ರಂದು ಅವರು ತೀರಿಕೊಂಡರು.

ಇನ್ನು ನಮ್ಮ ಕನ್ನಡದ ಸೀಮೆಗೆ ಬರೋಣ. ಆಗ ಸೋಲಾಪುರ, ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲವೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು, ಅಕ್ಕಲಕೋಟೆ ಮಾತ್ರ ಸಂಸ್ಥಾನ. ಹುಬ್ಬಳ್ಳಿಯಲ್ಲಿ ರೈಲಿನ ದೊಡ್ಡ ಕಾರ್ಖಾನೆ ಇತ್ತು, ಸುಮಾರು 50 ಸಾವಿರ ಮಂದಿಯ ಊರು. 1898ರಲ್ಲಿ ಪ್ಲೇಗು ಅಲ್ಲಿ ಜೋರಾದಾಗ ಲ್ಯೂಮನ್ ಎಂಬ ಡಾಕ್ಟರರು ಹಾಫ್ಕಿನ್‌ನ ಲಸಿಕೆ ಹಾಕುವ ಕೆಲಸ ಹಿಡಿದರು. ಕೆಲವೇ ತಿಂಗಳಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಸೂಜಿ ಹಾಕಿಸಿಕೊಂಡರು. ಮುಂದೆ ಲಸಿಕೆಯ ಗುಣ ಹೇಳುವಾಗ ದೇಶ ವಿದೇಶದ ಡಾಕ್ಟರರು ಹುಬ್ಬಳ್ಳಿಯ ಹೆಸರು ಹೇಳುತ್ತಿದ್ದರು.

ಇದು ನಂಬಿಕೆಯೋ, ವ್ಯವಹಾರವೋ? ಎರಡೂ ಇತ್ತು ಅಂತ ನನಗೆ ಅನ್ನಿಸುತ್ತದೆ. ಲಸಿಕೆ ಹಾಕಿಸಿಕೊಂಡವರಿಗೆ ಒಂದು ಚೀಟಿ ಸಿಗುತ್ತಿತ್ತು. ಆ ಚೀಟಿ ಇದ್ದವರನ್ನು ಮನೆ ಬಿಡಿಸಿ ಕ್ಯಾಂಪಿಗೆ ಒಯ್ಯುವ ಕಾಟ ತಪ್ಪುತ್ತಿತ್ತು. ಕಾಟ ತಪ್ಪಲಿ ಅಂತ ಬಂದವರು ಬಹಳ ಮಂದಿ ಇದ್ದಿರಬೇಕು. ಆದರೆ ಹಾಕಿಸಿಕೊಂಡವರು ಉಳಿಯುವುದನ್ನು ಕಣ್ಣಾರೆ ನೋಡಿದ ಮೇಲೆ ಬಂದವರೂ ಇದ್ದರು. ನಂಬಿಕೆ ಅನ್ನುವುದು ಒಮ್ಮೆಗೇ ಹುಟ್ಟುವುದಿಲ್ಲ. ಮೊದಲು ಒಂದು ಲೆಕ್ಕಾಚಾರ, ಆಮೇಲೆ ಮಗ್ಗಲು ಮನೆಯವನ ಅನುಭವ, ಆಮೇಲೆ ನಿಧಾನಕ್ಕೆ ಧೈರ್ಯ.

ಸರಕಾರಕ್ಕೂ ಬುದ್ಧಿ ಬಂತು. ಮುಂಬಯಿಯಲ್ಲಿ ಆಯಾ ಸಮಾಜದವರು ತಮ್ಮದೇ ದವಾಖಾನೆ ತೆರೆಯಲು ಬಿಟ್ಟರು. ಮನೆಯವರು ರೋಗಿಯ ಮಗ್ಗಲಿಗೆ ಇರಬಹುದಾಯಿತು. 1898ರ ದಂಗೆಯ ಮೇಲೆ ಜುಲುಮೆ ಒಂದೊಂದಾಗಿ ಸಡಿಲಾಯಿತು. ಆ ವರ್ಷ ನೇಮಿಸಿದ ಪ್ಲೇಗ್ ಆಯೋಗ ಲಸಿಕೆ ಒಳ್ಳೆಯದು ಅಂದಿತು.

ಒಂದು ಬಾಟಲಿಯ ಕಥೆ

ಇಷ್ಟು ಕಷ್ಟದಿಂದ ಕೂಡಿಸಿದ ನಂಬಿಕೆ ಎಷ್ಟು ಬೇಗ ಒಡೆಯುತ್ತದೆ ಅನ್ನುವುದಕ್ಕೆ ಪಂಜಾಬದ ಮುಲ್ಕೋವಾಲ ಎಂಬ ಹಳ್ಳಿ ಸಾಕ್ಷಿ. 1902ರ ಅಕ್ಟೋಬರ್ 30ರಂದು ಅಲ್ಲಿ 107 ಮಂದಿಗೆ ಸೂಜಿ ಹಾಕಿದರು. ಅವರಲ್ಲಿ ಒಂದೇ ಬಾಟಲಿಯಿಂದ ಹಾಕಿಸಿಕೊಂಡ 19 ಮಂದಿಗೆ ಧನುರ್ವಾಯು ಬಂತು. 19 ಮಂದಿಯೂ ಸತ್ತರು.

ತಪ್ಪು ಎಲ್ಲಿ ಆಯಿತು? ವಿಚಾರಣೆಯವರು ಹಾಫ್ಕಿನ್‌ನ ಮುಂಬಯಿ ಪ್ರಯೋಗಶಾಲೆಯ ಕಡೆ ಬೊಟ್ಟು ಮಾಡಿದರು. ಅವನನ್ನು ಕೆಲಸದಿಂದ ಕೆಳಗೆ ಇಳಿಸಿದರು. ಆದರೆ ಆ ಊರಿನಲ್ಲೇ ಬಾಟಲಿ ಬಿಚ್ಚುವಾಗ ಚಿಮುಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಸ್ವಚ್ಛ ಮಾಡದೆ ಮತ್ತೆ ಬಳಸಿದ್ದರು ಅನ್ನುವುದು ಆಮೇಲೆ ಮುಂದೆ ಬಂತು. ಬಾಟಲಿ ಮುಂಬಯಿಯಲ್ಲೇ ಕೆಟ್ಟಿದ್ದರೆ ಬಿಚ್ಚಿದ ಕೂಡಲೇ ನಾತ ಬರಬೇಕಿತ್ತು, ಬಂದಿರಲಿಲ್ಲ. 1907ರಲ್ಲಿ ಮಲೇರಿಯಾದ ಸಂಶೋಧಕ ರೊನಾಲ್ಡ್ ರಾಸ್ ಮತ್ತು ಬೇರೆ ಹೆಸರಾಂತ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದ ಮೇಲೆ ಹಾಫ್ಕಿನ್ ಮೇಲಿನ ಕಳಂಕ ಹೋಯಿತು. ಐದು ವರ್ಷ ಬೇಕಾಯಿತು. 1925ರಲ್ಲಿ ಪರೇಲಿನ ಆ ಪ್ರಯೋಗಶಾಲೆಗೆ ಅವನ ಹೆಸರನ್ನೇ ಇಟ್ಟರು. ಹಾಫ್ಕಿನ್ ಸಂಸ್ಥೆ ಇವತ್ತೂ ಇದೆ.

ವಿಜ್ಞಾನಿಗೆ ನ್ಯಾಯ ಸಿಕ್ಕಿತು, ಸಂತೋಷ. ಆದರೆ ಆ 19 ಮನೆಗಳ ಕಡೆಯಿಂದಲೂ ಒಮ್ಮೆ ನೋಡಬೇಕು. ಅವರಿಗೆ ಬಾಟಲಿ ಎಲ್ಲಿ ಕೆಟ್ಟಿತು ಅನ್ನುವುದು ಆಮೇಲಿನ ಮಾತು. ಮೈ ನೆಟ್ಟಗಿದ್ದ ಮನುಷ್ಯ ಸರಕಾರದ ಮಾತು ನಂಬಿ ಸೂಜಿ ಹಾಕಿಸಿಕೊಂಡು ಸತ್ತ ಅನ್ನುವುದೇ ಮೊದಲ ಮಾತು. ತಪ್ಪಾದಾಗ ಮೊದಲು ಹೋಗಬೇಕಾದದ್ದು ಆ ಮನೆಗಳಿಗೆ. ಹೋದದ್ದು ಕಾಗದ, ಕಚೇರಿಯಿಂದ ಕಚೇರಿಗೆ.

ಇಲಿಯ ಸುದ್ದಿ ಯಾರಿಗೆ ಗೊತ್ತಿತ್ತು?

ಇನ್ನೊಂದು ವಿಚಾರ ನಮ್ಮ ಗುರುಗಳು ಮಕ್ಕಳಿಗೆ ತಪ್ಪದೆ ಹೇಳಬೇಕು. 1896–97ರಲ್ಲಿ ಪ್ಲೇಗು ಹೇಗೆ ಹರಡುತ್ತದೆ ಅನ್ನುವುದು ಡಾಕ್ಟರರಿಗೇ ಗೊತ್ತಿರಲಿಲ್ಲ. ಹೊಲಸಿನಿಂದ, ಕೆಟ್ಟ ಗಾಳಿಯಿಂದ, ಮನುಷ್ಯರಿಂದ ಅಂದುಕೊಂಡು ಗಟಾರಕ್ಕೆ ಔಷಧ ಸುರಿದರು, ಮನೆಯ ಹಂಚು ಕಿತ್ತರು, ಬಟ್ಟೆ ಸುಟ್ಟರು. ಇಲಿಯ ಮೈಮೇಲಿನ ಚಿಕ್ಕಾಡಿನಿಂದ ಬೇನೆ ಬರುತ್ತದೆ ಅನ್ನುವುದನ್ನು ಫ್ರಾನ್ಸಿನ ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಆಗಲೂ ಬಹಳ ಮಂದಿ ನಂಬಲಿಲ್ಲ. 1905ರ ನಂತರ ಮುಂಬಯಿಯಲ್ಲಿ ನಡೆದ ಸಂಶೋಧನೆಯಿಂದ ಅದು ಗಟ್ಟಿಯಾಯಿತು.

ಆದರೆ ಇಲಿ ಬಿದ್ದರೆ ಊರು ಬಿಡಬೇಕು ಅನ್ನುವುದು ಹಿಮಾಲಯದ ಗಡವಾಲದ ಹಳ್ಳಿಗರಿಗೆ ಹಿಂದಿನಿಂದಲೂ ಗೊತ್ತಿತ್ತು. ನಮ್ಮ ಅಜ್ಜಿಯ ಊರಿನವರೂ ಅದನ್ನೇ ಮಾಡಿದರು. ಕಾರಣ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಚಾಳಿನಲ್ಲಿ ಮೊದಲ ಇಲಿ ಎಲ್ಲಿ ಸತ್ತು ಬಿತ್ತು ಅನ್ನುವುದು ಮುಂಜಾನೆ ಕಸ ಗುಡಿಸುವ ಹೆಂಗಸಿಗೆ ಡಾಕ್ಟರನಿಗಿಂತ ಮೊದಲು ಗೊತ್ತಾಗುತ್ತಿತ್ತು. ಅವಳನ್ನು ಯಾರಾದರೂ ಕುಂದರಿಸಿ ಕೇಳಿದ್ದರೆ! ಅವಳು ಹೇಳುತ್ತಿರಲಿಲ್ಲ, ಯಾಕಂದರೆ ಹೇಳಿದರೆ ಅವಳ ಮನೆಯೇ ಸುಟ್ಟುಹೋಗುತ್ತಿತ್ತು. ಜುಲುಮೆಯಿಂದ ಆದ ದೊಡ್ಡ ಹಾನಿ ಅದು. ಬೇನೆ ಮುಚ್ಚಿಟ್ಟ ಮಂದಿಯ ಜೊತೆಗೆ ತಿಳುವಳಿಕೆಯೂ ಮುಚ್ಚಿಹೋಯಿತು. ಮುಂದಿನ ವರ್ಷಗಳಲ್ಲಿ ಈ ದೇಶದಲ್ಲಿ ಪ್ಲೇಗಿನಿಂದ ಸತ್ತವರು ಒಂದು ಕೋಟಿಗೂ ಮಿಕ್ಕಿ.

ಮತ್ತೆ ಸೋಲಾಪುರಕ್ಕೆ

ಈಗ ನನ್ನ ಅಕ್ಕನ ಮಗಳ ಪ್ರಶ್ನೆಗೆ ಬರುತ್ತೇನೆ. ಅವಳ ವಸ್ತಿಯ ಹೆಂಗಸರು ದಿನವೆಲ್ಲ ಬೀಡಿ ಕಟ್ಟುತ್ತಾರೆ. ತಂಬಾಕಿನ ಧೂಳು ಮನೆಯಲ್ಲೇ, ಅಡಿಗೆಯೂ ಅಲ್ಲೇ, ಕೂಸು ಮಲಗುವುದೂ ಅಲ್ಲೇ. ಅವರ ಪುಪ್ಪುಸ, ರಕ್ತ ಪರೀಕ್ಷೆ ಮಾಡಿ ತಿಳಿಯುವುದು ಬೇಕಾದ ಕೆಲಸವೇ. ಆದರೆ ಕೆಲ ವರ್ಷ ಹಿಂದೆ ಒಂದು ತಂಡ ಬಂದಿತ್ತಂತೆ. ಕಾಗದಕ್ಕೆ ಹೆಬ್ಬಟ್ಟು ಒತ್ತಿಸಿಕೊಂಡರು, ಊದಿಸಿ ನೋಡಿದರು, ರಕ್ತ ತೆಗೆದರು, ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟು ಫೋಟೋ ಹೊಡೆದುಕೊಂಡರು. ಹೊಳ್ಳಿ ಬರಲಿಲ್ಲ. ಯಾರಿಗೆ ಏನು ಬೇನೆ ಇತ್ತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. “ನಮ್ಮ ರಕ್ತ ಮಾರಿಕೊಂಡ್ರಂತ” ಅನ್ನುವ ಮಾತು ವಸ್ತಿಯಲ್ಲಿ ಇನ್ನೂ ಓಡಾಡುತ್ತಿದೆ. ಮಾರಿರಲಿಕ್ಕಿಲ್ಲ. ಆದರೆ 1896ರ ಚಾಳಿನಲ್ಲಿ ಸುದ್ದಿ ಹುಟ್ಟಿದ ರೀತಿಯೂ ಇದೇ ಅಲ್ಲವೇ?

ಇವತ್ತು ಕಾಲ ಬದಲಾಗಿದೆ, ನಿಯಮ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸಂಶೋಧನೆಗೆ ಒಪ್ಪಿಗೆಯನ್ನು ಮಂದಿಗೆ ತಿಳಿಯುವ ಭಾಷೆಯಲ್ಲೇ ಕೇಳಬೇಕು. ಒಪ್ಪದಿದ್ದರೆ ಚಿಕಿತ್ಸೆ ತಪ್ಪಿಸುವ ಹಾಗಿಲ್ಲ. ನಡುವೆ ಬೇಡ ಅನ್ನಿಸಿದರೆ ಬಿಡಬಹುದು. ಸಂಶೋಧನೆಯಿಂದ ಹಾನಿಯಾದರೆ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಕೆಲಸಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಡಾಕ್ಟರಲ್ಲದ ಸಾಮಾನ್ಯ ಮನುಷ್ಯನೂ ಒಬ್ಬ ಇರಬೇಕು. ಬೈಕಲ್ಲಾ ಜೈಲಿನ ಕೈದಿಗೆ ಇದು ಯಾವುದೂ ಇರಲಿಲ್ಲ. ನಮಗೆ ಇದೆ. ಆದರೆ ಗೊತ್ತಿದ್ದರೆ ತಾನೇ ಕೇಳುವುದು.

ಹಂಗಾಗಿ ನಾನು ಹುಡುಗಿಗೆ ಕೊಡು ಅಂತಲೂ ಹೇಳಲಿಲ್ಲ, ಕೊಡಬ್ಯಾಡ ಅಂತಲೂ ಹೇಳಲಿಲ್ಲ. ಕೇಳು ಅಂದೆ. ನೀವು ಯಾರು? ಏನು ಹುಡುಕುತ್ತೀರಿ? ರೊಕ್ಕ ಯಾರು ಕೊಡುತ್ತಾರೆ? ಪರೀಕ್ಷೆಯ ಫಲ ನಮ್ಮ ಕೈಗೆ ಯಾವಾಗ ಬರುತ್ತದೆ? ಬೇನೆ ಅಂತ ತಿಳಿದರೆ ಮದ್ದು ಯಾರು ಕೊಡುತ್ತಾರೆ? ನಡುವೆ ಬ್ಯಾಡ ಅಂದರೆ ನಡೆಯುತ್ತದೋ? ಐದಾರು ಹೆಂಗಸರು ಕೂಡಿ ಇವನ್ನು ಒಂದು ವಹಿಯಲ್ಲಿ ಬರೆದುಕೊಂಡರು.

ಮರುದಿನ ಬಂದ ತಂಡದ ಡಾಕ್ಟರ್ ಹುಡುಗಿ ಎಲ್ಲಾ ಪ್ರಶ್ನೆ ಕೇಳಿಸಿಕೊಂಡಳಂತೆ. ಮದ್ದು ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆ ಬಂದಾಗ, “ಇದಕ್ಕ ಉತ್ತರ ನನ್ನ ಹತ್ರ ಇಲ್ಲ, ಕೇಳಿ ಬಂದು ಹೇಳ್ತೀನಿ” ಅಂದು ರಕ್ತ ತೆಗೆಯದೇ ಹೊರಟಳು. ಎಂಟು ದಿನ ಬಿಟ್ಟು ಬಂದಳು. ಬೇನೆ ಕಂಡವರನ್ನು ಸರಕಾರಿ ದವಾಖಾನೆಯಲ್ಲಿ ನೋಡುವ ಬಗ್ಗೆ ಬರೆಸಿಕೊಂಡ ಕಾಗದ ತಂದಿದ್ದಳು. ಅದನ್ನು ಓದಿಸಿ, ಗೊತ್ತಾಗದವರಿಗೆ ಮಗ್ಗಲು ಮನೆಯ ಕನ್ನಡದ ಹೆಂಗಸಿನಿಂದ ಹೇಳಿಸಿದಳು. ಆಮೇಲೆ ಬಹಳ ಮಂದಿ ಒಪ್ಪಿದರು. ಕೆಲವರು ಒಪ್ಪಲಿಲ್ಲ. ಒಪ್ಪದವರ ಮನೆಯಲ್ಲೂ ಆಕೆ ಚಹಾ ಕುಡಿದು ಹೋದಳು ಅಂತ ನಮ್ಮ ಹುಡುಗಿ ಅದನ್ನೇ ಎರಡು ಸಲ ಹೇಳಿದಳು.

ಶ್ರಾವಣದಲ್ಲಿ ಚೀಟಿಗಳು ಬಂದವು, ಹೆಸರು ಹಾಕಿ, ಒಬ್ಬೊಬ್ಬರ ಕೈಗೆ. ಅವತ್ತು ಸಂಜೆ ಅವಳ ಫೋನು ಬಂತು. “ಮಾಮಾ, ನನಗ ರಕ್ತ ಕಮ್ಮಿ ಐತಂತ. ಗುಳಗಿ ಕೊಟ್ಟಾರ. ಚೀಟಿ ರೇಶನ್ ಕಾರ್ಡಿನ ಜೋಡಿ ಇಟ್ಟೀನಿ.”